ಹಾರುಬೆಕ್ಕಿಗೆ ಹೆಸರಿಟ್ಟವರು

ತೊಂಬತ್ತರ ದಶಕದ ಕೊನೆಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗ ನನಗೆ ಪ್ರಾಣಿಗಳ ಹೆಸರಿನ ಮೂಲ ಹುಡುಕುವ ಹುಚ್ಚು. ರಜೆಗೆ ಹೆಗ್ಗದ್ದೆಯ ದೊಡ್ಡಪ್ಪನ ಮನೆಗೆ ಹೋದಾಗ ತಲೆ ತುಂಬ ಇದ್ದದ್ದು ಹಾರುಬೆಕ್ಕು. ಮೈಯೆಲ್ಲ ಮೆತ್ತನೆಯ ತುಪ್ಪಳದ, ಮರದಿಂದ ಮರಕ್ಕೆ ತೇಲಿ ಹೋಗುವ ಈ ಪ್ರಾಣಿ ಅಳಿಲಿನ ಜಾತಿ, ಇಲಿಯ ನಂಟು. ಅದನ್ನು ಬೆಕ್ಕು ಎಂದವರು ಯಾರು?

ಹಿತ್ತಲ ಹಲಸಿನ ಮರದ ಪೊಟರೆಯಲ್ಲೇ ಒಂದು ಇತ್ತು. ಅದು ಏಲಕ್ಕಿ ಹಾಳು ಮಾಡುತ್ತದೆಂದು ದೊಡ್ಡಪ್ಪ ಮರ ಕಡಿಯುವವನನ್ನು ಕರೆಸಿದ್ದರು. ದೊಡ್ಡಪ್ಪನ ಕಣ್ಣು ಮರದ ದಿಮ್ಮಿಯ ಮೇಲೆಂದು ನನಗೆ ಅನುಮಾನ. ಹಿಂದಿನ ದಿನವಷ್ಟೇ ಬಡಗಿಯೊಬ್ಬ ಬಂದು ಬುಡ ಅಳೆದು ಹೋಗಿದ್ದ. ಹಿಂದಿನ ದಿನವೇ, ಅಥವಾ ನಾನು ಈಗ ಜೋಡಿಸುತ್ತಿದ್ದೇನೋ. ಮರ ಮಾತ್ರ ದೊಡ್ಡಮ್ಮನದು. ಮದುವೆಯಾಗಿ ಬಂದ ವರ್ಷ ತವರಿನ ಹಣ್ಣಿನ ಬೀಜ ಹಾಕಿ ಬೆಳೆಸಿದ್ದು.

"ಬೆಕ್ಕಿರೋ ಮರ ಕಡಿಸ್ತೀರಾ?" ಎಂದು ದೊಡ್ಡಮ್ಮ ಅಡ್ಡ ನಿಂತರು. "ಬೆಕ್ಕು ಸತ್ರೆ ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕು. ಯಾರೂ ಕೊಲ್ಲದಿರ್ಲಿ ಅಂತ್ಲೇ ಹಿರೀಕರು ಅದಕ್ಕೆ ಬೆಕ್ಕು ಅಂತ ಹೆಸರಿಟ್ಟಿದ್ದು ಕಣ್ರೀ."

"ಇಲಿ ಕಣೇ ಅದು, ಮದ ಬಂದಿರೋ ಇಲಿ!" ದೊಡ್ಡಪ್ಪ ನನ್ನತ್ತ ತಿರುಗಿದರು. "ಓದಿದೀಯಲ್ಲ ಮಾರಾಯ, ನೀನೇ ಹೇಳು."

"ಹೆಸರು ಬೆಕ್ಕಿಂದು, ಹಲ್ಲು ಇಲೀದು" ಎಂದೆ ಎಂದು ನೆನಪು. ಅಷ್ಟು ಚುರುಕಾಗಿ ಹೇಳಿರಲಾರೆ, ತಡವರಿಸಿರಬೇಕು.

"ಹಂಗಾದ್ರೆ ಅರ್ಧ ಪಾಪ. ಬೆಳ್ಳಿ ಬೆಕ್ಕು ಸಾಕು. ಹಾಕೋ ಕೊಡ್ಲಿ!" ಎಂದರು ದೊಡ್ಡಪ್ಪ.

ಮರ ಕಡಿಯುವವನು ಅಲುಗಲಿಲ್ಲ. "ಪಾಪ ಸುತ್ಕೊಳ್ಳೋದು ಕೊಡ್ಲಿ ಹಿಡ್ದೋನ್ಗೆ ಅಲ್ವಾ? ಚಿನ್ನದ್ದೋ ಬೆಳ್ಳೀದೋ, ಬೆಕ್ಕು ಮೊದ್ಲು ನನ್ನ ಕೈಗೆ ಬರ್ಲಿ, ಆಮೇಲೆ ಮರ."

ದೊಡ್ಡಪ್ಪ ಬೈದರು. ದೊಡ್ಡಮ್ಮ ಕೊಟ್ಟ ಕಾಫಿ ಕುಡಿದು ಅವನು ಹೊರಟುಹೋದ.

ಆ ಕತೆ ಯಾರು ಹೇಳಿದ್ದೆಂದು ದೊಡ್ಡಮ್ಮನನ್ನು ಕೇಳಿದೆ. "ನಿಮ್ಮಜ್ಜಿ" ಎಂದರು, ನನ್ನ ಮುಖ ನೋಡದೆ. ಅಜ್ಜಿ ನನಗೆ ಎಷ್ಟೋ ಕತೆ ಹೇಳಿದ್ದರು, ಇದನ್ನು ಹೇಳಿರಲಿಲ್ಲ. ಹೇಳಿದ್ದು ನಾನೇ ಮರೆತಿರಬಹುದೇ? ಆ ವಾರವೆಲ್ಲ ನೆರೆಮನೆಗಳಲ್ಲಿ ವಿಚಾರಿಸಿದೆ. ಮೋರೆ ಬೆಕ್ಕಿನ ಹಾಗಿದೆ ಎಂದರು ಕೆಲವರು, ಕಣ್ಣು ಎಂದರು ಕೆಲವರು. ಪಾಪದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಮುಂದೆ ಒಂದು ಬೇಸಿಗೆಯಲ್ಲಿ ಇಂಥ ಹೆಸರುಗಳನ್ನೇ ಹುಡುಕುತ್ತ ಘಟ್ಟದ ಬಿಸಿಲೆ ಎಂಬ ಊರಿಗೆ ಹೋದಾಗ ಮುದುಕರೊಬ್ಬರು ತಾವಾಗಿಯೇ ಹೇಳಿದರು: "ಕೊಲ್ಬಾರ್ದು ಅಂತ್ಲೇ ಅದಕ್ಕೆ ಬೆಕ್ಕು ಅನ್ನೋದು." ನನಗೆ ಮೈ ಜುಮ್ಮೆಂದಿತು. ಯಾರಿಂದ ಕೇಳಿದ್ದು ಎಂದೆ.

"ಮರ ಕಡಿಯೋಕೆ ಒಬ್ಬ ಬಂದಿದ್ದ, ಹೆಗ್ಗದ್ದೆ ಕಡೆಯೋನು. ಅವನೇ ಹೇಳ್ದ."

ಪ್ರಾಣಿಗಳ ಹೆಸರಿನ ಬಗ್ಗೆ ಬರೆಯುತ್ತಿದ್ದ ಪ್ರಬಂಧದಲ್ಲಿ ಆ ಪದದ ಮುಂದೆ 'ಮೂಲ ತಿಳಿಯದು' ಎಂದು ಬರೆದೆ. ಬಿಸಿಲೆಯಿಂದ ವಾಪಸು ಬರುವಾಗ ಹೆಗ್ಗದ್ದೆಗೆ ಹೋಗಿ ದೊಡ್ಡಮ್ಮನಿಗೆ ವಿಷಯ ತಿಳಿಸಿದೆ. ಕೈಗೆ ಎಣ್ಣೆ ಸವರಿಕೊಂಡು ತಮ್ಮ ಮರದ ಹಣ್ಣಿನ ತೊಳೆ ಬಿಡಿಸುತ್ತಿದ್ದವರು ತಲೆ ಎತ್ತದೆ ಅಂದರು:

"ನೋಡು ಮತ್ತೆ. ಬಿಸಿಲೆಯವ್ರಿಗೂ ಗೊತ್ತೈತೆ."