ಮೇಷ್ಟ್ರ ಕಾಲು, ಬ್ರೆಡ್ಡಕ್ಕನ ಕಾರು

ನಮ್ಮ ಬೀದಿಯ ಡ್ರೈವಿಂಗ್ ಮೇಷ್ಟ್ರು ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವರು. ಉಳಿದರ್ಧ ಜನ ಅದೇ ಹೊತ್ತಿನಲ್ಲಿ ಫುಟ್‌ಪಾತಿಗೆ ಹಾರುವುದನ್ನು ಕಲಿತರು. ಅದಕ್ಕೆ ಮೇಷ್ಟ್ರು ಫೀಸು ಕೇಳಲಿಲ್ಲ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆಯಲ್ಲ, ಶಿಷ್ಯ ಎಡವಟ್ಟು ಮಾಡಿದರೆ ಗುರು ಒತ್ತುವುದಕ್ಕೆ? ಮೇಷ್ಟ್ರ ಆಯುಷ್ಯವೆಲ್ಲ ಕಳೆದದ್ದು ಆ ಬ್ರೇಕಿನ ಮೇಲೆ. ನಿವೃತ್ತರಾದ ಸುದ್ದಿ ಅವರ ಕಾಲಿಗೆ ಇನ್ನೂ ತಲುಪಿರಲಿಲ್ಲ. ಟೀವಿಯಲ್ಲಿ ಲಾರಿ ಎದುರು ಬಂದರೂ ಸೋಫಾದ ಮುಂದಿನ ನೆಲ ಒತ್ತುತ್ತಿದ್ದರು. ಒತ್ತಿ ಒತ್ತಿ ಅಲ್ಲಿ ಬಿದ್ದಿದ್ದ ಗುಂಡಿಯನ್ನು ಇನ್ನೊಂದು ಮೊಳ ಇಳಿಸಿದ್ದರೆ ನೀರು ಬಂದು ಇಡೀ ಬೀದಿಯ ಬವಣೆ ತೀರುತ್ತಿತ್ತು.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಕರೆಯುವುದು ಬ್ರೆಡ್ಡಕ್ಕ ಎಂದು. ಬೇಕರಿಯ ವ್ಯಾನು ಓಡಿಸುತ್ತಿದ್ದವರು. ಬೆಳಕು ಹರಿಯುತ್ತಲೇ ಹೊರಟು ಅಂಗಡಿ, ಆಸ್ಪತ್ರೆ, ಹಾಸ್ಟೆಲ್ಲು ಎಂದು ಬ್ರೆಡ್ಡು ಇಳಿಸಿಕೊಂಡು ಬರುವರು. ಎರಡು ಹಾಲಿನ ಲಾರಿಗಳ ನಡುವೆ ಅವರು ವ್ಯಾನು ನುಸುಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಚೀಚೆ ಬೆಣ್ಣೆ ಸವರುವಷ್ಟು ಜಾಗವಿತ್ತು, ಅದೂ ತೆಳ್ಳಗೆ. ಆಮೇಲೆ ಬೆನ್ನುಹುರಿಗೆ ಏನೋ ಕಾಯಿಲೆ ಬಂತು. ಜೀವ ಉಳಿಯಿತು, ಪಾದಗಳು ಜೋಮು ಹಿಡಿದವು. ಎರಡು ಊರುಗೋಲು ಹಿಡಿದು ನಡೆಯುತ್ತಾರೆ, ಆದರೆ ಕಾಲ ಕೆಳಗಿರುವುದು ಪೆಡಲೋ ಚಪ್ಪಲಿಯೋ ತಿಳಿಯುವುದಿಲ್ಲ. ಊರು ಸುತ್ತುತ್ತಿದ್ದ ಹೆಂಗಸು ಕಿಟಕಿ ಪಕ್ಕ ಕೂತು, ಹೋಗುವ ಬರುವ ಗಾಡಿಗಳಿಗೆಲ್ಲ ಮಾರ್ಕು ಹಾಕತೊಡಗಿದರು. "ನೋಡ್ರೀ, ಆ ಬೋಳುತಲೆಯವನು ಸೆಕೆಂಡ್ ಗೇರಲ್ಲೇ ಸಂಸಾರ ಮಾಡ್ತಿದ್ದಾನೆ!" ಎಂಬುದು ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಯಾರೂ ಪಾಸಾದದ್ದಿಲ್ಲ.

ಕೈಯಿಂದಲೇ ಓಡಿಸುವ ಹಾಗೆ ಒಂದು ಕಾರು ಮಾಡಿಕೊಡುತ್ತೇನೆ ಎಂದು ಮೇಷ್ಟ್ರು ಮಾತು ಕೊಟ್ಟರು. ಕಾರನ್ನು ಆರಿಸಿದ್ದು ಮಾತ್ರ ಬ್ರೆಡ್ಡಕ್ಕ. ಗುಜರಿ ಅಂಗಳದ ಮೂಲೆಯಲ್ಲಿ, ಹಳೆಯ ಫ್ರಿಜ್ಜುಗಳ ಹಿಂದೆ, ಎಪ್ಪತ್ತರ ದಶಕದ ಒಂದು ಜಪಾನಿ ಕಾರು ಕೂತಿತ್ತು. ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೂ ಒಂದೇ. ಒಂದು ಕಡೆ ಕೂತು ಒಳಗೆ ಜಾರಿಕೊಳ್ಳಬಹುದು. ಗೇರಿನ ಕಡ್ಡಿ ಸ್ಟಿಯರಿಂಗಿನ ಪಕ್ಕದಲ್ಲಿ. ಕನ್ನಡಿಗಳು ಬಾಗಿಲಲ್ಲಿರಲಿಲ್ಲ, ಬಾನೆಟ್ಟಿನ ಎರಡು ಕಡೆ ಜಿರಲೆ ಮೀಸೆಯಂತೆ ಎದ್ದು ನಿಂತಿದ್ದವು. ಕತ್ತು ತಿರುಗಿಸದೆ ಹಿಂದಿನದೆಲ್ಲ ಕಾಣುತ್ತದೆ.

"ಮಾಡೋದಾದ್ರೆ ಇದನ್ನ ಮಾಡಿ," ಎಂದರು ಬ್ರೆಡ್ಡಕ್ಕ. "ಇಲ್ಲಾಂದ್ರೆ ನನ್ನನ್ನೂ ಇಲ್ಲೇ ಗುಜರಿಗೆ ಹಾಕಿ ಹೋಗಿ."

"ಹಾಕಬಹುದು ಕಣೇ, ಆದ್ರೆ ಇಲ್ಲಿ ಸದ್ದು ಮಾಡೋ ಸಾಮಾನು ತಗೊಳ್ಳಲ್ವಂತೆ," ಎಂದ ಮೇಷ್ಟ್ರ ಮೊಣಕಾಲಿಗೆ ಊರುಗೋಲಿನ ತುದಿ ತಗುಲಿತು. ವ್ಯಾಪಾರ ಕುದುರಿತು.

ಕಾರನ್ನು ಮನೆಗೆ ತಂದರು ಎನ್ನುವುದಕ್ಕಿಂತ ಗುಡಿಸಿಕೊಂಡು ಬಂದರು ಎನ್ನಬೇಕು. ತುಕ್ಕಿನ ದೆಸೆಯಿಂದ, ನಾನು ಹತ್ತಿರ ನಿಂತು ಸೀನಿದಾಗ ಹಿಂದಿನ ಬಾಗಿಲು ಒಂದು ಅಂಗುಲ ಸವೆಯಿತು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅದನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ಕೂರಿಸಿ ಮೇಷ್ಟ್ರು ಸೊಂಟ ಕಟ್ಟಿ ನಿಂತರು. ಜೊತೆಗೆ ಬ್ರೆಡ್ಡಕ್ಕನ ತಮ್ಮ. ವೆಲ್ಡಿಂಗ್ ಅವನ ಕಸುಬು, ಗೊಣಗುವುದು ಹವ್ಯಾಸ. ಅವನು ಕೊಳೆತ ತಳವನ್ನೆಲ್ಲ ಕತ್ತರಿಸಿ ಹೊಸ ತಗಡು ಕೂರಿಸಿದ. ಕಾರ್ಬ್ಯುರೇಟರ್ ಬಿಚ್ಚಿದ್ದು ಊಟದ ಮೇಜಿನ ಮೇಲೆ. ಅದರ ಸಣ್ಣ ಸಣ್ಣ ತೂತುಗಳನ್ನು ಬ್ರೆಡ್ಡಕ್ಕನೇ ತೆಳು ತಾಮ್ರದ ತಂತಿಯಿಂದ ಚೊಕ್ಕಟ ಮಾಡಿದರು. ಕ್ಲಚ್ಚಿನ ತಂಟೆಯೇ ಬೇಡವೆಂದು ಅದೇ ಕಂಪನಿಯ ಇನ್ನೊಂದು ಮುರುಕು ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದು ಹಾಕಿದರು. ಸ್ಟಿಯರಿಂಗಿನ ಕೆಳಗೆ ಒಂದು ಲಿವರ್ ಬಂತು: ಎಳೆದರೆ ವೇಗ, ಮುಂದಕ್ಕೆ ನೂಕಿದರೆ ಬ್ರೇಕ್. ಬಣ್ಣ ಯಾವುದೆಂದು ಗಂಡ ಹೆಂಡಿರು ಆಡಿದ ಜಗಳ ಕೇಳಿ ಬೀದಿಯ ಪಾರಿವಾಳಗಳು ವಲಸೆ ಹೋದವು. ಕೊನೆಗೆ ಬ್ರೆಡ್ಡಕ್ಕನ ಹಳದಿಯೇ ಗೆದ್ದಿತು.

ಸರ್ಕಾರಿ ತಪಾಸಣೆ ಮುಗಿಯಿತು, ಬ್ರೆಡ್ಡಕ್ಕನ ಹೊಸ ಲೈಸೆನ್ಸೂ ಬಂತು. ಅದಾದ ಮೇಲೆ ಮೇಷ್ಟ್ರು ಶೆಡ್ಡಿನ ಬಾಗಿಲು ಹಾಕಿಕೊಂಡು ಇನ್ನೊಂದು ಕೆಲಸ ಮಾಡಿದರು. ಪಕ್ಕದ ಸೀಟಿನ ಮುಂದೆ ಇಳಿಜಾರಾಗಿ ಒಂದು ಮಣೆ ಕೂರಿಸಿ, ಮೇಲೆ ನೆಲಹಾಸು ಹೊದಿಸಿದರು. ನೋಡಿದವರಿಗೆ ಕಾಲು ಚಾಚಿಕೊಳ್ಳುವ ಜಾಗ. ಅದರ ಅಡಿಯಿಂದ ಒಂದು ಕಂಬಿ ಡ್ಯಾಶ್‌ಬೋರ್ಡಿನ ಕೆಳಗೆ ಹಾದು ಬ್ರೇಕಿಗೆ ಸೇರುತ್ತಿತ್ತು.

ಕಂಬಿ ಬೆಸೆದ ಭಾವಮೈದುನ ಅಂದೇ ಹೇಳಿದ್ದ: "ಭಾವ, ಬೇಡ. ಅಕ್ಕಂಗೆ ಗೊತ್ತಾದ್ರೆ ನಮ್ಮಿಬ್ಬರನ್ನೂ ಸೇರಿಸಿ ವೆಲ್ಡ್ ಮಾಡ್ತಾಳೆ."

"ಏ, ಸುಮ್ನಿರೋ. ಒತ್ತಿದ್ರೆ ತಾನೇ ಗೊತ್ತಾಗೋದು? ನಾನೆಲ್ಲಿ ಒತ್ತುತೀನಿ!"

ಮೊದಲ ಸವಾರಿಯ ದಿನ ಹಿಂದಿನ ಸೀಟಿನಲ್ಲಿ ನಾನೂ ಭಾವಮೈದುನನೂ ಕೂತೆವು. ನನ್ನನ್ನು ಕರೆದದ್ದು ಗೌರವಕ್ಕಲ್ಲ, ಭಾರಕ್ಕೆ. ಬ್ರೆಡ್ಡಕ್ಕ ಊರುಗೋಲುಗಳನ್ನು ಪಕ್ಕಕ್ಕಿಟ್ಟು, ಒಂದು ಕೈ ಸ್ಟಿಯರಿಂಗಿಗೆ, ಇನ್ನೊಂದು ಲಿವರಿಗೆ ಕೊಟ್ಟರು. ಕಾರು ಶೆಡ್ಡಿನಿಂದ ಹೊರಟ ನಯಕ್ಕೆ ಗೋಡೆ ಮೇಲೆ ಮಲಗಿದ್ದ ಬೆಕ್ಕು ಮಗ್ಗುಲು ಕೂಡ ಬದಲಿಸಲಿಲ್ಲ. ಒಳಗಿನ ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಕಾಯಿಲೆಗೆ ಮುಂಚಿನ ಮುಖ, ಎಲ್ಲಿತ್ತೋ ಏನೋ, ಮರಳಿ ಬಂದಿತ್ತು.

ನಾಲ್ಕು ರಸ್ತೆ ಕೂಡುವಲ್ಲಿ ಒಬ್ಬ ಸೈಕಲ್ಲಿನವನು ಬರುತ್ತಿದ್ದ. ಅವನು ಇನ್ನೂ ಎಷ್ಟು ದೂರದಲ್ಲಿದ್ದನೆಂದರೆ, ನಮ್ಮನ್ನು ಮುಟ್ಟುವಷ್ಟರಲ್ಲಿ ಅವನಿಗೆ ಗಡ್ಡ ಬಂದಿರುತ್ತಿತ್ತು. ಕಾರು ಗಕ್ಕನೆ ನಿಂತಿತು. ನನ್ನ ಮೂಗು ಮುಂದಿನ ಸೀಟಿಗೆ ಅಪ್ಪಳಿಸಿತು.

ಬ್ರೆಡ್ಡಕ್ಕ ತಮ್ಮ ಕೈಯನ್ನೇ ನೋಡಿಕೊಂಡರು. "ಲಿವರ್ ತಾನಾಗೇ ಮುಂದಕ್ಕೆ ಹೋಯ್ತಲ್ರೀ."

"ಹಳೇ ಗಾಡಿ ನೋಡು, ಅದರದ್ದೇ ಒಂದು ಬುದ್ಧಿ..."

ಬ್ರೆಡ್ಡಕ್ಕ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದರು. ಊರುಗೋಲು ತೆಗೆದು ಗಂಡನ ಕಾಲ ಬಳಿಯ ಮಣೆಯನ್ನು ಒತ್ತಿದರು. ಲಿವರ್ ಮುಂದಕ್ಕೆ ಹೋಯಿತು. ಬಿಟ್ಟರು, ಹಿಂದಕ್ಕೆ ಬಂತು. ಮತ್ತೆ ಒತ್ತಿದರು. ಭಾವಮೈದುನ ಕಿಟಕಿಯಾಚೆಯ ಬೋರ್ಡುಗಳನ್ನು ಜೀವಮಾನದಲ್ಲಿ ಮೊದಲ ಸಲ ಎಂಬಂತೆ ಓದತೊಡಗಿದ.

"ಅವತ್ತು ವ್ಯಾನಲ್ಲಿ ನನ್ನ ಎರಡೂ ಕಾಲು ಕೈಕೊಟ್ಟಾಗ," ಎಂದರು ಬ್ರೆಡ್ಡಕ್ಕ, ಧ್ವನಿ ಏರಿಸದೆ, "ಹ್ಯಾಂಡ್‌ಬ್ರೇಕ್ ಎಳೆದು ಸ್ಕೂಲಿನ ಗೇಟಿಗೆ ಮುಂಚೆ ನಿಲ್ಲಿಸಿದ್ದು ಯಾರು? ಪಕ್ಕದಲ್ಲಿ ಯಾರ ಕಾಲಿತ್ತು?"

ಮೇಷ್ಟ್ರು ಮಣೆಯ ಮೇಲಿನ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ನಾನು ನಿಮ್ಮ ಶಿಷ್ಯೆ ಅಲ್ಲ ಕಣ್ರೀ. ಬ್ರೇಕ್ ನಿಮ್ಮದಾದ್ರೆ ಕಾರೂ ನಿಮ್ಮದೇ." ಕೀಲಿ ತೆಗೆದು ಗಂಡನ ಮಡಿಲಿಗೆ ಹಾಕಿದರು. ಬರುವಾಗ ಮೇಷ್ಟ್ರೇ ಓಡಿಸಿದರು. ಲಿವರಿನ ಅಭ್ಯಾಸವಿಲ್ಲದೆ ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡು ಮನೆ ಸೇರಿದೆವು, ಯಾರೂ ನಗಲಿಲ್ಲ.

ಆಮೇಲೆ ಆ ಮನೆಯಲ್ಲಿ ಮಾತು ನಿಂತಿತು. ಬ್ರೆಡ್ಡಕ್ಕ ಕಿಟಕಿಯಿಂದಲೂ ಎದ್ದುಬಿಟ್ಟರು. ಬೋಳುತಲೆಯವನು ದಿನಾ ಸೆಕೆಂಡ್ ಗೇರಲ್ಲಿ ಹೋಗುತ್ತಿದ್ದ, ಒಂದು ಬೈಗುಳವಿಲ್ಲ. ನನಗೆ ಅದೇ ಹೆದರಿಕೆಯಾಯಿತು. ಮೇಷ್ಟ್ರು ಶೆಡ್ಡಿನಲ್ಲಿ ಒಬ್ಬರೇ ಕಾರಿನ ಬಂಪರಿನ ಕ್ರೋಮು ಉಜ್ಜುತ್ತ ಕೂತಿರುತ್ತಿದ್ದರು. ಹೊಳಪು ಎಷ್ಟಿತ್ತೆಂದರೆ ಅದರಲ್ಲಿ ನೋಡಿ ಗಡ್ಡ ಹೆರೆದುಕೊಳ್ಳಬಹುದಿತ್ತು, ಅವರು ಅದನ್ನೂ ಮಾಡುತ್ತಿರಲಿಲ್ಲ.

"ಅವಳ ಮೇಲೆ ಅನುಮಾನ ಇಲ್ಲ ಮಾರಾಯ," ಎಂದರು ನನ್ನ ಬಳಿ. "ಸಾಯೋ ಥರ ಕಾಯಿಲೆ ಬಿದ್ಲಲ್ಲ, ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ, ಕಾಲಲ್ಲೂ ಏನೂ ಇರಲಿಲ್ಲ. ಸುಮ್ನೆ ಆಸ್ಪತ್ರೆ ಬೆಂಚ್ ಮೇಲೆ ಕೂತಿದ್ದೆ. ಇನ್ನೊಂದ್ಸಲ ಹಾಗೆ ಕೂರೋಕೆ ಆಗಲ್ಲ."

"ಇದನ್ನ ನನಗೆ ಯಾಕೆ ಹೇಳ್ತೀರಿ? ಗೋಡೆ ಆಚೆ ಇರೋರಿಗೆ ಹೇಳಿ," ಎಂದೆ.

ಹೇಳಿದರೋ ಇಲ್ಲವೋ ತಿಳಿಯದು. ಆ ಭಾನುವಾರ ಬೆಳಿಗ್ಗೆ ಮೇಷ್ಟ್ರು ಮಣೆ, ಕಂಬಿ, ನಟ್ಟು, ಬೋಲ್ಟು ಎಲ್ಲ ಬಿಚ್ಚಿ ಬಕೆಟ್ಟಿನಲ್ಲಿ ತಂದು ಹೆಂಡತಿಯ ಮುಂದಿಟ್ಟರು. ನಾನು ನಮ್ಮ ಗೇಟಿಗೆ ಎಣ್ಣೆ ಹಾಕುವ ನೆಪದಲ್ಲಿ ಅಲ್ಲೇ ಇದ್ದೆ. ಆ ಗೇಟಿಗೆ ಅಂದು ಬಿದ್ದ ಎಣ್ಣೆಯಲ್ಲಿ ಒಂದು ಹಡಗು ಓಡುತ್ತಿತ್ತು.

"ಇನ್ನೊಂದು ಎಲ್ಲಿ ಬಚ್ಚಿಟ್ಟಿದ್ದೀರಿ?"

"ಇಲ್ಲ ಕಣೇ, ಇಷ್ಟೇ."

"ಪೆಡಲ್ ಇಲ್ಲದಿದ್ರೂ ನೀವು ಪಕ್ಕದಲ್ಲಿ ಕೂತು ನೆಲ ತುಳೀತೀರಿ. ನನ್ನ ತಮ್ಮ ಕಷ್ಟಪಟ್ಟು ಹೊಸ ತಗಡು ಹಾಕಿದ್ದಾನೆ."

"ಹಾಗಾದ್ರೆ ನಾನು ಬರಲ್ಲ. ನೀನೊಬ್ಬಳೇ ಹೋಗು." ಹೇಳಿ, ಈ ಮಾತು ಯಾರಾಡಿದ್ದು ಎಂಬಂತೆ ಮೇಷ್ಟ್ರು ಹಿಂತಿರುಗಿ ನೋಡಿದರು.

ಬ್ರೆಡ್ಡಕ್ಕ ಗಂಡನ ಮುಖವನ್ನು ಒಂದು ಗಳಿಗೆ ಅಳೆದರು. ಆಮೇಲೆ ಕೀಲಿಗೆ ಕೈ ಚಾಚಿದರು.

ಹಳದಿ ಕಾರು ತಿರುವಿನಲ್ಲಿ ಮರೆಯಾಯಿತು. ಮೇಷ್ಟ್ರು ಗೇಟಿನ ಸರಳು ಹಿಡಿದು ಸದ್ದು ಆಲಿಸುತ್ತ ನಿಂತರು. "ಈಗ ದಿಬ್ಬ ಹತ್ತಿದಳು... ಈಗ ಪೆಟ್ರೋಲ್ ಬಂಕು..." ಆಮೇಲೆ ಸದ್ದೂ ಇಲ್ಲ. ಅವರು ಹಿಡಿದಿದ್ದ ಸರಳು ಇವತ್ತಿಗೂ ಸೊಟ್ಟಗಿದೆ, ಬೇಕಾದರೆ ಬಂದು ನೋಡಿ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಮಿಕ್ಕಿದ್ದ ಕಪ್ಪು ಕೂದಲೂ ಬೆಳ್ಳಗಾಯಿತು. ಅಂತೂ ಬಾನೆಟ್ಟಿನ ಎರಡು ಕನ್ನಡಿ ತಿರುವಿನಲ್ಲಿ ಮಿನುಗಿದವು. ಕಾರು ಬಂದು ಗೇಟಿನ ಮುಂದೆ ನಿಂತಿತು.

ಬ್ರೆಡ್ಡಕ್ಕ ಗಾಜು ಇಳಿಸಿದರು. "ಬ್ರೇಕ್ ಹಾಕಿದ್ರೆ ಎಡಕ್ಕೆ ಎಳೀತದೆ. ನೋಡಿ."

"ಮೆಲ್ಲಗೆ ಹಾಕಿದಾಗಲೋ, ಜೋರಾಗಿ ಹಾಕಿದಾಗಲೋ?" ಶಿಷ್ಯರನ್ನು ಮೇಷ್ಟ್ರು ಕೇಳಿದ್ದೆಲ್ಲ ತಮಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳೇ. ಇದರ ಉತ್ತರ ಅವರಿಗೆ ಗೊತ್ತಿರಲಿಲ್ಲ.

"ಜೋರಾಗಿ. ನಾಯಿ ಅಡ್ಡ ಬಂತು."

ಮೇಷ್ಟ್ರ ಕಾಲು ನೆಲ ಒತ್ತಿತು. "ಆಮೇಲೆ?"

"ಆಮೇಲೇನು, ನಿಲ್ಲಿಸಿದೆ. ನಾಯಿ ಹೋಯ್ತು."

ಮೇಷ್ಟ್ರು ಶೆಡ್ಡಿಗೆ ಹೋಗಿ ಜಾಕು, ಸ್ಪ್ಯಾನರು ತಂದು, ಸಡಿಲವಾದ ಬ್ರೇಕ್ ಬಿಗಿಮಾಡಲು ಬಲಗಡೆಯ ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತರು. ಬ್ರೆಡ್ಡಕ್ಕ ಕೆಳಗಿಳಿಯಲೇ ಇಲ್ಲ. ಕಾರಿನ ಜೊತೆ ತಾವೂ ಮೆಲ್ಲಗೆ ಮೇಲೇರಿದರು.

"ಬೇಗ ಆಗಲಿ ರೀ," ಎಂದರು ಮೇಲಿನಿಂದ. "ಎಂಜಿನ್ ಬಿಸಿ ಇರುವಾಗ್ಲೇ ಆಸ್ಪತ್ರೆ ರಸ್ತೇಲೂ ಒಂದು ಸುತ್ತು ಹೋಗಿ ಬರಬೇಕು."