ನಾನು ಬಣ್ಣ ಬಳಿದ ಹರವಿ

ಕಮಲಾಪುರದ ನಮ್ಮ ಶಾಲೆಯಲ್ಲಿ ಪ್ರಯೋಗಾಲಯ ಇರಲಿಲ್ಲ. ಇದ್ದ ಒಂದೇ ಥರ್ಮಾಮೀಟರನ್ನು, ಮಕ್ಕಳು ಒಡೆದಾರೆಂದು, ನಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಆ ಬೇಸಿಗೆ, ವರಾಂಡದಲ್ಲಿದ್ದ ಕುಡಿಯುವ ನೀರಿನ ಮಣ್ಣಿನ ಹರವಿ ಚಂದ ಕಾಣಲೆಂದು ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ನೀಲಿ ಆಯಿಲ್ ಪೇಂಟ್ ಕೊಂಡೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಹರವಿಯ ಮೈತುಂಬ ಬಳಿದೆ.

ಮರುವಾರ ಏಳನೇ ತರಗತಿಗೆ ಆವಿಯಾಗುವಿಕೆಯ ಪಾಠ. ಹರವಿಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದ ಒಳಗಿನ ನೀರು ತಂಪಾಗುತ್ತದೆ ಎಂದು ಬರೆಸಿದೆ. ಎಲ್ಲರೂ ಬರೆದುಕೊಂಡರು. ಒಬ್ಬ ಹುಡುಗಿ ಮಾತ್ರ ವರಾಂಡದ ಕಡೆ ನೋಡುತ್ತ ಕೂತಿದ್ದಳು. ಗದರಿದೆ.

“ಟೀಚರ್, ನೀವು ಬಣ್ಣ ಹಚ್ಚಿದ ಮ್ಯಾಲ ಹರವಿ ಬೆವರೋದೇ ಬಿಟ್ಟದ್ರಿ. ನೀರೂ ತಂಪಿಲ್ರಿ.”

ಸಿಟ್ಟು ಬಂತು. ಆದರೂ ಹೋಗಿ ಮುಟ್ಟಿದೆ. ಹರವಿಯ ಮೈ ಒಣಗಿತ್ತು.

ಮರುದಿನ ಅವಳು ಮನೆಯಿಂದ ಬಣ್ಣವಿಲ್ಲದ ಹರವಿ ತಂದಳು. ಬೆಳಿಗ್ಗೆ ಎರಡಕ್ಕೂ ಒಂದೇ ನಲ್ಲಿಯ ನೀರು ತುಂಬಿದೆವು. ಮಧ್ಯಾಹ್ನ ಬೀರುವಿನ ಬೀಗ ತೆಗೆದು ಥರ್ಮಾಮೀಟರನ್ನು ಅವಳ ಕೈಗೇ ಕೊಟ್ಟೆ. ಅವಳ ಹರವಿಯಲ್ಲಿ ಪಾದರಸ ಇಳಿಯಿತು. ನನ್ನದರಲ್ಲಿ ಅದ್ದಿದಾಗ ಮತ್ತೆ ಏರಿತು.

“ಬಣ್ಣ ಕೆರದ್ರ ಮೊದಲಿನಂಗ ತಂಪ ಆಗ್ತದೇನ್ರಿ?”

ಅದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. “ಗೊತ್ತಿಲ್ಲವ್ವ,” ಎಂದೆ. ತರಗತಿಯ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.

ಅವಳು ಅಂಗಳದಿಂದ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಚೂರೊಂದನ್ನು ಹೆಕ್ಕಿ ತಂದು ನನ್ನ ಕೈಗಿಟ್ಟಳು.

“ಹಂಗಾರ ಕೆರೀರಿ ಟೀಚರ್, ನೋಡೋಣ್ರಿ.”