ಅಜ್ಜಿಯ ಕಾಲಿನ ಗೀಟು

ನಾನು ಎಂ.ಎ. ಮುಗಿಸಿ ತೆಕ್ಕಟ್ಟೆಯ ಮನೆಗೆ ಬಂದ ವರ್ಷ ಅಜ್ಜಿಯ ಪಾದ ಊದಿಕೊಂಡಿತು. ಹೊಳೆಯಲ್ಲಿ ಮಳಿ ಎಂಬ ಕಪ್ಪೆಚಿಪ್ಪು ಹೆಕ್ಕುವಾಗ ಅದರ ಅಂಚು ಕೊಯ್ದಿತ್ತು. ಅಜ್ಜಿ ಮೀನು ಮಾರುವವಳು, ಕ್ಯಾಲೆಂಡರು ನೋಡಿದವಳಲ್ಲ. ಬಂಗುಡೆ ಬಂದ ದಿನ, ಬೂತಾಯಿ ಬಂದ ದಿನ, ಏನೂ ಬಾರದ ದಿನ, ಅವಳ ವಾರವೆಂದರೆ ಅಷ್ಟೆ.

ಮಂಗಳವಾರ ಅವಳನ್ನು ಹೇಗೋ ಡಾಕ್ಟರ ಬಳಿ ಕರೆದೊಯ್ದೆ. ಅವರು ಕೊಕ್ಕರ್ಣೆ ಕಡೆಯವರು, ಅವಳ ಖಾಯಂ ಗಿರಾಕಿ.

“ಯಾವಾಗ ಆದ್ದ್ ಇದ್?”

“ನಿನ್ನೆ. ಬೂತಾಯಿ ಬಂದ ದಿನ.”

ಸತ್ಯ ನನಗೆ ಗೊತ್ತಿತ್ತು. ಹಳೆಯ ಗಾಯವೆಂದರೆ ಆಸ್ಪತ್ರೆಯಲ್ಲಿ ಮಲಗಿಸುತ್ತಾರೆಂದು ಹೆದರಿ, ಬಾಯಿ ಬಿಡಬಾರದೆಂದು ದಾರಿಯಲ್ಲೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಾನು ಗೋಡೆಯ ಮೇಲಿನ ಮಗುವಿನ ಚಿತ್ರ ನೋಡುತ್ತ ಕೂತೆ.

ಡಾಕ್ಟರು ಪಾದ ಬಿಟ್ಟು ಅವಳ ಮುಖ ನೋಡಿದರು. “ಹ್ವಾಯ್, ನಂಗೆ ಬೂತಾಯಿ ಕೊಟ್ಟದ್ದ್ ಶುಕ್ರವಾರ. ನಿನ್ನೆ ಮೀನೇ ಇಲ್ಲೆ ಅಂದ್ ಬುಟ್ಟಿ ಮಗುಚಿ ತೋರ್ಸಿದ್ರಿ. ನಾ ಸೌತೆಕಾಯಿ ಹುಳಿ ಉಂಡದ್ದ್.”

“ಹಂಗಾರೆ ಶುಕ್ರವಾರ,” ಎಂದಳು ಅಜ್ಜಿ, ತೂಕದ ಮೋಸದಲ್ಲಿ ಸಿಕ್ಕಿಬಿದ್ದಾಗಿನ ಧ್ವನಿಯಲ್ಲಿ.

ಐದು ದಿನದ ನಂಜು, ಮೇಲಕ್ಕೆ ಏರುತ್ತಿದೆ, ಕುಂದಾಪುರದಲ್ಲಿ ಮಲಗಿಸಿ ಔಷಧಿ ಏರಿಸಬೇಕು, ತಡವಾದರೆ ಪಾದವೇ ಹೋಗಬಹುದು ಎಂದು ಅವರು ಬಿಡಿಸಿ ಹೇಳಿದರು.

“ನಾ ಒಲ್ಲೆ. ಎರಡ್ ದಿನ ಮಾರ್ಕೆಟಿನ್ ಜಾಗ ಬಿಟ್ರೆ ಪಕ್ಕದ ಹೆಂಗ್ಸ್ ಅಲ್ಲ್ ಬುಟ್ಟಿ ಇಡತ್ತ್.”

“ಒಲ್ಲೆ ಅಂಬುಕೆ ನಿಮ್ಗೆ ಹಕ್ಕಿತ್ತ್. ಕಾಲ್ ನಿಮ್ದ್.” ಇಂಜೆಕ್ಷನ್ ಚುಚ್ಚಿ, ಮಾತ್ರೆ ಕೊಟ್ಟು, ನೀಲಿ ಪೆನ್ನಿನಲ್ಲಿ ಕೆಂಪಿನ ಸುತ್ತ ಗೀಟೆಳೆದರು. “ಕೆಂಪು ಈ ಗೀಟ್ ದಾಟಿರೆ ಕುಂದಾಪ್ರಕ್ಕೆ ಹೋಯ್ಕ್.”

“ದಾಟಿರೆ ಹೋತೆ,” ಎಂದು ಅಜ್ಜಿ ಒಪ್ಪಿದಳು.

ಮರುದಿನ ಬೆಳಿಗ್ಗೆ ಕೆಂಪು ಗೀಟಿನ ಒಳಗೇ ಇತ್ತು. ಅಜ್ಜಿ ಪಾದವನ್ನು ಮೆಟ್ಟಿಲ ಮೇಲಿಟ್ಟು ಬಹುಮಾನ ಬಂದವಳಂತೆ ಕೂತಿದ್ದಳು. ನನಗೂ ಸಮಾಧಾನವಾಯಿತು. ಒಳಗೆ ಹೋಗಿ ಕೆಲಸದ ಅರ್ಜಿ ತುಂಬಲು ಕೂತೆ. ಯೋಚಿಸುವಾಗ ಪೆನ್ನು ಕಚ್ಚುವ ಕೆಟ್ಟ ಅಭ್ಯಾಸ ನನಗೆ. ಕಚ್ಚಿದರೆ ಬಂಗುಡೆಯ ವಾಸನೆ.

ಎದ್ದು ಬಂದು ಪಾದ ನೋಡಿದೆ. ಡಾಕ್ಟರ ಗೀಟು ಅಂಕುಡೊಂಕಾಗಿತ್ತು. ಈಗಿನದು ಬಳೆಯಷ್ಟು ದುಂಡಗಿತ್ತು. ಅದರ ಒಂದು ಬೆರಳಿನಷ್ಟು ಒಳಗೆ, ತೆಂಗಿನೆಣ್ಣೆ ತಿಕ್ಕಿ ಅಳಿಸಿದ ಹಳೆಯ ಗೀಟಿನ ನೆರಳು. ಕೆಂಪು ಅದನ್ನು ದಾಟಿತ್ತು.

“ಅಜ್ಜಿ, ನನ್ನ ಪೆನ್ನ್ ನಾರತ್ತ್.”

“ನಿನ್ ಪೆನ್ನ್, ನಂಗೆಂತಕ್ಕೆ ಹೇಳ್ತೆ?”

“ಒಲ್ಲೆ ಅಂಬುದಾರೆ ಡಾಕ್ಟ್ರಿಗೆ ಇನ್ನೊಂದ್ ಸಲ ಒಲ್ಲೆ ಅನ್ನ್. ನಾನೂ ಸುಮ್ನಿರ್ತೆ. ಗೀಟಿನ್ ಹತ್ರ ಸುಳ್ಳ್ ಎಂತಕ್ಕೆ ಹೇಳ್ಸ್ತೆ?”

ಅಜ್ಜಿ ಪಾದದ ಕೆಂಪನ್ನು ಹೆಬ್ಬೆರಳಿನಿಂದ ಒತ್ತಿದಳು, ದೋಣಿ ನಿಲ್ಲುವ ದಕ್ಕೆಯಲ್ಲಿ ಮೀನು ಕೊಳ್ಳುವಾಗ ಒತ್ತುವ ಹಾಗೆಯೇ. ಒತ್ತಿದಲ್ಲಿ ಗುಳಿ ಬಿತ್ತು. ಏಳಲಿಲ್ಲ. ಗುಳಿ ಏಳದ ಮೀನನ್ನು ಅವಳು ಜನ್ಮದಲ್ಲಿ ಕೊಂಡಿರಲಿಲ್ಲ.

“ಥೂ, ಹಳತಾಯ್ತಲೆ ಇದ್,” ಎಂದಳು. “ರಿಕ್ಷಾ ಕರಿ, ಹೆಣೆ. ನಾ ಬಪ್ಪಲ್ಲಿವರೆಗೆ ನನ್ನ ಜಾಗ್ದಲ್ಲಿ ನೀ ಕೂರ್ಕ್.”

ಈ ಷರತ್ತಿಗೆ ಒಲ್ಲೆ ಎನ್ನುವ ಹಕ್ಕು ನನಗಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಸೂಜಿಗೆ ಒಪ್ಪಿದಳು, ಬ್ರೆಡ್ಡಿಗೆ ಒಪ್ಪಲಿಲ್ಲವಂತೆ. ನಾನು ನಾಲ್ಕು ದಿನ ಮೀನಿನ ಬುಟ್ಟಿಯ ಹಿಂದೆ ಕೂತೆ. ಕೂಗಿ ಕರೆಯುವುದು ನನ್ನಿಂದಾಗುವ ಕೆಲಸವಲ್ಲ. ಪಕ್ಕದ ಹೆಂಗಸು ನನ್ನ ಪರವಾಗಿಯೂ ಕೂಗಿದಳು, ನಕ್ಕಳು, ಜಾಗ ಮಾತ್ರ ಮುಟ್ಟಲಿಲ್ಲ. “ಹೊಸತಾ ಮೀನ್?” ಎಂದು ಯಾರಾದರೂ ಕೇಳಿದರೆ ನಾನು ಮಾತಾಡದೆ ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತಿದ್ದೆ.

ಐದನೆಯ ದಿನ ಅಜ್ಜಿ ತನ್ನೆರಡೂ ಕಾಲ ಮೇಲೆ ಬಂದು ನಿಂತಳು. “ಏಳ್, ಗಿರಾಕಿ ಹೆದ್ರತ್ತ್ ನಿನ್ ಮೋರೆ ಕಂಡ್,” ಎಂದಳು.